ಪತ್ರಿಕಾ ಪ್ರಕಟಣೆ: ಬರೆಯುವ, ತಲುಪಿಸುವ ಮತ್ತು ಹರಡುವ ಬಗೆ – ದಕ್ಷಿಣ ಬೆಂಗಳೂರಿನ ಸಂಘಗಳಿಗೆ ಮಾಹಿತಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಬಡಾವಣೆಗಳಲ್ಲಿ ಜೈನ ಸಮಾಜದ ಸಂಘಗಳು, ಮಹಿಳಾ ಸಮಾಜಗಳು ಮತ್ತು ಯುವಕ ಮಂಡಳಿಗಳು ವರ್ಷವಿಡೀ ಒಂದಲ್ಲ ಒಂದು ಕಾರ್ಯಕ್ರಮ ನಡೆಸುತ್ತಲೇ ಇರುತ್ತವೆ. ರಕ್ತದಾನ ಶಿಬಿರ, ನೇತ್ರ ತಪಾಸಣೆ, ವಿದ್ಯಾರ್ಥಿ ವೇತನ ವಿತರಣೆ, ಗೋಶಾಲೆಗೆ ಮೇವು, ಪುಸ್ತಕ ಬಿಡುಗಡೆ, ಚಾತುರ್ಮಾಸದ ಪ್ರವಚನ ಹೀಗೆ ಪಟ್ಟಿ ಉದ್ದವಾಗಿದೆ. ಕೆಲಸ ನಡೆಯುತ್ತದೆ, ಊಟವೂ ಚೆನ್ನಾಗಿರುತ್ತದೆ. ಆದರೆ ಮರುದಿನ ಪತ್ರಿಕೆ ಬಿಡಿಸಿದರೆ ಒಂದು ಸಾಲೂ ಇರುವುದಿಲ್ಲ. ಪತ್ರಿಕೆಯವರಿಗೆ ನಮ್ಮ ಮೇಲೆ ಆಸಕ್ತಿ ಇಲ್ಲ ಎಂದು ಪದಾಧಿಕಾರಿಗಳು ಬೇಸರಪಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಅದಲ್ಲ. ಪ್ರಕಟಣೆ ತಡವಾಗಿ ಹೋಗಿರುತ್ತದೆ, ಓದಲಾಗದ ರೂಪದಲ್ಲಿ ಹೋಗಿರುತ್ತದೆ, ಇಲ್ಲವೇ ಅದರಲ್ಲಿ ಸುದ್ದಿಯೇ ಇರುವುದಿಲ್ಲ. ಈ ಮೂರನ್ನೂ ಸರಿಪಡಿಸಿಕೊಳ್ಳಲು ಹಣ ಬೇಕಿಲ್ಲ, ಸ್ವಲ್ಪ ಶಿಸ್ತು ಬೇಕು.

ಇದು ಏಕೆ ಮುಖ್ಯ

2011ರ ಜನಗಣತಿಯಂತೆ ದೇಶದಲ್ಲಿ ಜೈನರ ಸಂಖ್ಯೆ 44,51,753. ಕರ್ನಾಟಕದಲ್ಲಿ 4,40,280, ಅಂದರೆ ರಾಜ್ಯದ ನೂರು ಜನರಲ್ಲಿ ಒಬ್ಬರೂ ಇಲ್ಲ. ಸಂಖ್ಯೆ ಇಷ್ಟು ಕಡಿಮೆ ಇರುವಾಗ ಸಮಾಜದ ಮಾತು ಹೊರಗಿನವರಿಗೆ ತಲುಪುವುದು ಬಹುಮಟ್ಟಿಗೆ ಪತ್ರಿಕೆ, ವಾಹಿನಿ ಮತ್ತು ಮೊಬೈಲ್ ಮೂಲಕವೇ. ಇತ್ತೀಚಿನ ಎರಡು ಪ್ರಸಂಗಗಳಿಂದ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಸಮ್ಮೇದ ಶಿಖರಜಿಯ ವಿಷಯ. ಝಾರ್ಖಂಡ್‌ನ ಪಾರಸನಾಥ ಬೆಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಹೊರಬಿದ್ದದ್ದು 2019ರ ಆಗಸ್ಟ್ 2ರಂದು. ಪರಿಸರ ಪ್ರವಾಸೋದ್ಯಮದ ಮಾತು ಅದರಲ್ಲಿಯೇ ಇತ್ತು. ಆದರೆ ದೇಶದ ಪತ್ರಿಕೆಗಳ ಮುಖಪುಟಕ್ಕೆ ಅದು ಬಂದದ್ದು ಮೂರು ವರ್ಷ ಕಳೆದ ಮೇಲೆ, 2022ರ ಡಿಸೆಂಬರ್ ಮತ್ತು 2023ರ ಜನವರಿಯಲ್ಲಿ, ಜನರು ಬೀದಿಗಿಳಿದಾಗ. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಸುದ್ದಿಯಾದ ಮೇಲೆ ಕೆಲವೇ ವಾರಗಳಲ್ಲಿ ಆದ ಕೆಲಸ, ಸುದ್ದಿಯಾಗದೆ ಮೂರು ವರ್ಷ ಹಾಗೆಯೇ ಉಳಿದಿತ್ತು.

ಎರಡನೆಯದು ಸಲ್ಲೇಖನದ ವಿಷಯ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ಪರಿಗಣಿಸಿ ತೀರ್ಪು ನೀಡಿತು. ಆಗಸ್ಟ್ 24ರಂದು ದೇಶದ ಹಲವು ಊರುಗಳಲ್ಲಿ ಮೌನ ಮೆರವಣಿಗೆ ನಡೆಯಿತು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆ ಮೂರು ವಾರಗಳಲ್ಲಿ ಸಲ್ಲೇಖನ ಎಂದರೇನು ಎಂಬುದನ್ನು ಜೈನೇತರ ಓದುಗರಿಗೆ ನಾಲ್ಕು ಸಾಲಿನಲ್ಲಿ ತಿಳಿಸಿಕೊಡುವ ಕೆಲಸ ಎಲ್ಲ ಊರಿನ ಸಂಘಗಳ ಮುಂದೆ ಬಂದು ನಿಂತಿತು. ಹಿಂದೆ ಎಂದೂ ಪತ್ರಿಕೆಗಳ ಸಂಪರ್ಕ ಇಟ್ಟುಕೊಳ್ಳದ ಸಂಘಕ್ಕೆ ಅಂತಹ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕೆಂಬುದೇ ತಿಳಿದಿರುವುದಿಲ್ಲ. ಶಿಬಿರದ ಸಣ್ಣ ಸುದ್ದಿ ಕಳುಹಿಸುತ್ತ ಬೆಳೆಸಿಕೊಂಡ ಪರಿಚಯವೇ ದೊಡ್ಡ ವಿಷಯ ಬಂದಾಗ ಕೈ ಹಿಡಿಯುತ್ತದೆ.

ಸ್ವಲ್ಪ ಹಿನ್ನೆಲೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂತು. ಆ ದಿನವನ್ನೇ ರಾಜ್ಯದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಇಂದು ಬೆಂಗಳೂರಿನಲ್ಲಿ ಓದುವ ಕನ್ನಡ ದಿನಪತ್ರಿಕೆಗಳಲ್ಲಿ ಪ್ರಜಾವಾಣಿ 1948ರಲ್ಲಿ, ಕನ್ನಡಪ್ರಭ 1967ರಲ್ಲಿ, ಉದಯವಾಣಿ 1970ರಲ್ಲಿ, ವಿಜಯ ಕರ್ನಾಟಕ 1999ರಲ್ಲಿ, ವಿಜಯವಾಣಿ 2012ರಲ್ಲಿ ಆರಂಭವಾದವು.

ಪತ್ರಿಕಾ ಪ್ರಕಟಣೆ ಎಂಬ ಪದ್ಧತಿ ಅಮೆರಿಕದಿಂದ ಬಂದದ್ದು. 1906ರಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್ವೆಯ ಗಾಡಿ ಅಪಘಾತಕ್ಕೀಡಾದಾಗ, ಕಂಪನಿಯ ಪರವಾಗಿ ಐವಿ ಲೀ ಎಂಬುವರು ನಡೆದ ವಿವರವನ್ನು ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಅದನ್ನೇ ಹೆಸರಿಸುತ್ತಾರೆ. ಮುಚ್ಚಿಟ್ಟರೆ ಊಹಾಪೋಹ ಬೆಳೆಯುತ್ತದೆ, ನಿಜವನ್ನು ಮೊದಲೇ ಕೊಟ್ಟರೆ ಅದೇ ಅಚ್ಚಾಗುತ್ತದೆ ಎಂಬುದು ಅದರ ತಿರುಳು. ನೂರು ವರ್ಷ ಕಳೆದರೂ ಈ ಮಾತು ಬದಲಾಗಿಲ್ಲ.

ಸುದ್ದಿ ಯಾವುದು, ಯಾವುದಲ್ಲ

ಸಮಾಜದವರಿಗೆ ಮುಖ್ಯವಾದದ್ದೆಲ್ಲ ಪತ್ರಿಕೆಯ ಓದುಗರಿಗೆ ಮುಖ್ಯವಲ್ಲ. ನೂತನ ಪದಾಧಿಕಾರಿಗಳ ಆಯ್ಕೆ ಸಂಘದ ಸದಸ್ಯರಿಗೆ ಸುದ್ದಿ. ಅದೇ ಸಂಘ ಬಡಾವಣೆಯ ಸರ್ಕಾರಿ ಶಾಲೆಗೆ ಶೌಚಾಲಯ ಕಟ್ಟಿಸಿಕೊಟ್ಟರೆ ಇಡೀ ಬಡಾವಣೆಗೆ ಸುದ್ದಿ. ಅಂಗಡಿಯಲ್ಲಿ ಗಿರಾಕಿ ಕೇಳುವ ಮೊದಲ ಪ್ರಶ್ನೆ ‘ಇದರಿಂದ ನನಗೇನು ಉಪಯೋಗ’ ಎಂಬುದು. ಪತ್ರಿಕೆಯ ಓದುಗನೂ ಅದನ್ನೇ ಕೇಳುತ್ತಾನೆ.

ಈ ಮಾತಿಗೆ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಒಳ್ಳೆಯ ಉದಾಹರಣೆ. ಸುಮಾರು 13 ಎಕರೆಯ ಈ ಕೆರೆಯನ್ನು ಉಳಿಸಲು ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. 2011ರಲ್ಲಿ ಕೆರೆಯ ನಿರ್ವಹಣೆಗೆ ಪಾಲಿಕೆಯೊಡನೆ ಒಪ್ಪಂದವಾಯಿತು. ನಗರದಲ್ಲಿ ನಾಗರಿಕರ ಗುಂಪೊಂದು ಹೀಗೆ ಒಪ್ಪಂದ ಮಾಡಿಕೊಂಡ ಮೊದಲ ಪ್ರಸಂಗಗಳಲ್ಲಿ ಅದು ಒಂದು. ಕೆರೆಗೆ ನೀರು ಬಂತು, ಹಕ್ಕಿ ಬಂತು, ನೀರು ಕಡಿಮೆಯಾಯಿತು, ಒತ್ತುವರಿಯ ದೂರು ಬಂತು ಹೀಗೆ ನಡೆಯುತ್ತಿರುವ ಕೆಲಸವೇ ಮತ್ತೆ ಮತ್ತೆ ಸುದ್ದಿಯಾಯಿತು. ವೇದಿಕೆ, ಹಾರ, ಶಾಲುಗಳಿಂದ ಆ ಹೆಸರು ಬಂದದ್ದಲ್ಲ.

ಪ್ರಕಟಣೆ ಕಳುಹಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು:

1. ಸಂಘದ ಸದಸ್ಯರಲ್ಲದವರಿಗೆ ಇದರಿಂದ ಏನಾದರೂ ತಿಳಿಯುತ್ತದೆಯೇ, ದೊರೆಯುತ್ತದೆಯೇ?
2. ಹೇಳಲು ಒಂದು ಅಂಕಿ ಅಥವಾ ಒಂದು ಫಲಿತಾಂಶ ಇದೆಯೇ?
3. ಇಂದೇ ಅಚ್ಚಾಗಬೇಕಾದ ಕಾರಣ ಇದೆಯೇ?

ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ವಿಷಯಕ್ಕೆ ಸಂಘದ ವಾಟ್ಸ್‌ಆ್ಯಪ್ ಗುಂಪು ಸಾಕು.

ಬರೆಯುವ ಕ್ರಮ

ಪ್ರಕಟಣೆ ಒಂದು ಪುಟ ಮೀರಬಾರದು. 200ರಿಂದ 250 ಪದಗಳು ಸಾಕು. ಮೊದಲ ಎರಡು ವಾಕ್ಯಗಳಲ್ಲಿ ಏನು, ಎಲ್ಲಿ, ಯಾವಾಗ, ಯಾರು, ಏಕೆ ಎಂಬುದು ಮುಗಿಯಬೇಕು. ಜಾಗ ಸಾಲದಿದ್ದರೆ ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾರೆ. ಆದ್ದರಿಂದ ಮುಖ್ಯ ವಿಷಯ ಮೇಲೆಯೇ ಇರಬೇಕು.

ಸಾಮಾನ್ಯವಾಗಿ ಸಂಘಗಳು ಬರೆಯುವುದು ಹೀಗೆ: ‘ಪರಮಪೂಜ್ಯರ ಪಾವನ ಸಾನ್ನಿಧ್ಯದಲ್ಲಿ, ಗಣ್ಯಾತಿಗಣ್ಯರ ಉಪಸ್ಥಿತಿಯಲ್ಲಿ, ಸಂಘದ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸರ್ವ ಸದಸ್ಯರ ಸಹಕಾರದೊಂದಿಗೆ ಬೃಹತ್ ಉಚಿತ ನೇತ್ರ ತಪಾಸಣಾ ಶಿಬಿರವು ಅತ್ಯಂತ ವಿಜೃಂಭಣೆಯಿಂದ ನೆರವೇರಿತು.’

ಅದನ್ನೇ ಹೀಗೆ ಬರೆಯಬಹುದು (ಅಂಕಿಗಳು ಮಾದರಿಗಾಗಿ ಮಾತ್ರ): ‘ಬನಶಂಕರಿ 2ನೇ ಹಂತದಲ್ಲಿ ಭಾನುವಾರ ನಡೆದ ಉಚಿತ ಶಿಬಿರದಲ್ಲಿ 212 ಮಂದಿ ಕಣ್ಣಿನ ತಪಾಸಣೆ ಮಾಡಿಸಿಕೊಂಡರು. ಇವರಲ್ಲಿ 31 ಮಂದಿಗೆ ಪೊರೆ ಶಸ್ತ್ರಚಿಕಿತ್ಸೆ ಬೇಕಾಗಿದ್ದು, ಅದರ ವೆಚ್ಚವನ್ನು ಸಂಘ ಭರಿಸಲಿದೆ.’

ಮೊದಲನೆಯದರಲ್ಲಿ ಎಷ್ಟು ಜನರಿಗೆ ಉಪಯೋಗವಾಯಿತು ಎಂಬುದೇ ಇಲ್ಲ. ಎರಡನೆಯದನ್ನು ಪತ್ರಿಕೆಯವರು ತಿದ್ದದೆ ಹಾಕಿಕೊಳ್ಳಬಹುದು. ಮುನಿಗಳ ಸಾನ್ನಿಧ್ಯ ಇದ್ದರೆ ಪೂರ್ಣ ಹೆಸರು ಮತ್ತು ಸರಿಯಾದ ಉಪಾಧಿಯೊಡನೆ ಎರಡನೆಯ ಪ್ಯಾರಾದಲ್ಲಿ ಕೊಡಬೇಕು, ಅವರು ಹೇಳಿದ ಒಂದು ಮಾತನ್ನೂ ಕೊಡಬೇಕು. ಅದರಿಂದ ಗೌರವಕ್ಕೆ ಕುಂದಿಲ್ಲ. ಐದು ವಿಶೇಷಣ ಹಾಕಿ ಹೆಸರು ತಪ್ಪಾಗಿ ಅಚ್ಚಾಗುವುದಕ್ಕಿಂತ ಅದು ಮೇಲು.

ಪದಾಧಿಕಾರಿಗಳ ಹೆಸರು ಮೂರು–ನಾಲ್ಕಕ್ಕೆ ನಿಲ್ಲಬೇಕು. ಇಪ್ಪತ್ತು ಹೆಸರಿನ ಪಟ್ಟಿ ಕಳುಹಿಸಿದರೆ ಪತ್ರಿಕೆಯವರು ಎಲ್ಲವನ್ನೂ ಬಿಡುತ್ತಾರೆ, ಬಿಟ್ಟ ಹೆಸರಿನ ಮನಸ್ತಾಪ ಸಂಘದೊಳಗೆ ಉಳಿಯುತ್ತದೆ. ಯಾರ ಹೆಸರು ಹೋಗಬೇಕೆಂಬುದನ್ನು ಸಭೆಯಲ್ಲಿಯೇ ಮೊದಲು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಸಮಾಜದ ಪದಗಳಿಗೆ ಅರ್ಥ ಕೊಡಬೇಕು. ಚಾತುರ್ಮಾಸ ಎಂದರೆ ಮಳೆಗಾಲದ ನಾಲ್ಕು ತಿಂಗಳು ಸಾಧುಗಳು ಒಂದೇ ಕಡೆ ನೆಲೆಸುವುದು. ಪಾರಣೆ ಎಂದರೆ ಉಪವಾಸದ ನಂತರ ಆಹಾರ ಸ್ವೀಕರಿಸುವುದು. ದಶಲಕ್ಷಣ ಪರ್ವ ದಿಗಂಬರರು ಹತ್ತು ದಿನ ಆಚರಿಸುವಂಥದ್ದು, ಪರ್ಯೂಷಣ ಶ್ವೇತಾಂಬರರು ಎಂಟು ದಿನ ಆಚರಿಸುವಂಥದ್ದು. ಒಂದೊಂದು ಪದಕ್ಕೂ ಅರ್ಧ ಸಾಲಿನ ವಿವರಣೆ ಇದ್ದರೆ ಉಪಸಂಪಾದಕರು ಊಹೆ ಮಾಡಿ ತಪ್ಪು ಬರೆಯುವುದು ತಪ್ಪುತ್ತದೆ.

‘ಪ್ರಪ್ರಥಮ’, ‘ದಾಖಲೆ’, ‘ಐತಿಹಾಸಿಕ’ ಎಂಬ ಪದಗಳನ್ನು ಆಧಾರವಿಲ್ಲದೆ ಬಳಸಬಾರದು. ನೂರು ಜನ ಬಂದಿದ್ದರೆ ನೂರು ಎಂದೇ ಬರೆಯಬೇಕು. ತೂಕದಲ್ಲಿ ಒಮ್ಮೆ ಮೋಸ ಕಂಡ ಗಿರಾಕಿ ಮತ್ತೆ ಆ ಅಂಗಡಿಗೆ ಬರುವುದಿಲ್ಲ. ವರದಿಗಾರರೂ ಹಾಗೆಯೇ.

ಕೊನೆಯಲ್ಲಿ ಸಂಘದ ಬಗ್ಗೆ ಎರಡು ಸಾಲು, ವಿವರ ಕೇಳಿದರೆ ಹೇಳಬಲ್ಲ ಒಬ್ಬರ ಹೆಸರು ಮತ್ತು ಮೊಬೈಲ್ ಸಂಖ್ಯೆ ಇರಬೇಕು. ಆ ಸಂಖ್ಯೆ ಸಂಜೆಯವರೆಗೆ ಸ್ವಿಚ್ ಆಫ್ ಆಗಿರಬಾರದು. ವರದಿಗಾರರು ಒಮ್ಮೆ ಮಾತ್ರ ಫೋನ್ ಮಾಡುತ್ತಾರೆ.

ಅಕ್ಷರ ಮತ್ತು ಚಿತ್ರ

ಲೆಟರ್‌ಹೆಡ್‌ನಲ್ಲಿ ಅಚ್ಚು ಹಾಕಿಸಿ, ಸಹಿ ಮಾಡಿ, ಅದರ ಫೋಟೊ ತೆಗೆದು ಕಳುಹಿಸುವುದು ಅನೇಕ ಸಂಘಗಳ ಅಭ್ಯಾಸ. ಅದನ್ನು ಪತ್ರಿಕಾ ಕಚೇರಿಯಲ್ಲಿ ಯಾರಾದರೂ ಕುಳಿತು ಮತ್ತೆ ಟೈಪ್ ಮಾಡಬೇಕು. ಅಷ್ಟು ಸಮಯ ಅವರಿಗಿಲ್ಲ. ಪ್ರಕಟಣೆಯನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ, ಇ–ಮೇಲ್‌ನ ಒಳಗೆ ನೇರವಾಗಿ ಹಾಕಬೇಕು. ಮೊಬೈಲ್‌ನಲ್ಲಿ ಕನ್ನಡ ಕೀಲಿಮಣೆಯಿಂದ ಟೈಪ್ ಮಾಡಿದ್ದೆಲ್ಲ ಯೂನಿಕೋಡ್ ಆಗಿರುತ್ತದೆ. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಮಾಡಿಸಿದ್ದರೆ, ಯೂನಿಕೋಡ್‌ಗೆ ಬದಲಿಸಿ ಕೊಡಲು ಅಲ್ಲಿಯೇ ಕೇಳಬಹುದು. ಬದಲಿಸದೆ ಕಳುಹಿಸಿದರೆ ಆ ಅಕ್ಷರ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಸಹಿ ಮಾಡಿದ ಪ್ರತಿಯನ್ನು ಜತೆಗೆ ಲಗತ್ತಿಸಿದರೆ ಸಾಕು.

ಚಿತ್ರ ಎರಡು ಇರಲಿ, ಇಪ್ಪತ್ತು ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಚಿತ್ರ ಕುಗ್ಗಿ, ಅಚ್ಚಿಗೆ ಮಸುಕಾಗುತ್ತದೆ. ಇ–ಮೇಲ್‌ನಲ್ಲಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು. ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆಯಬೇಕು. ಹತ್ತು ಜನ ಸಾಲಾಗಿ ನಿಂತ ಚಿತ್ರಕ್ಕಿಂತ ವೈದ್ಯರು ಅಜ್ಜಿಯೊಬ್ಬರ ಕಣ್ಣು ನೋಡುತ್ತಿರುವ ಚಿತ್ರಕ್ಕೆ ಜಾಗ ಸಿಗುತ್ತದೆ. 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರ್‌ನಿಂದ ಬಾಹುಬಲಿಗೆ ಪುಷ್ಪವೃಷ್ಟಿ ಮಾಡಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅಂದಿನ ವೇದಿಕೆಯ ಭಾಷಣಗಳನ್ನು ನೆನೆಯುವವರು ಕಡಿಮೆ. ಮಕ್ಕಳ ಮತ್ತು ರೋಗಿಗಳ ಚಿತ್ರವನ್ನು ಒಪ್ಪಿಗೆ ಇಲ್ಲದೆ ಕೊಡಬಾರದು.

ಎಲ್ಲಿಗೆ, ಯಾವಾಗ

ಮುಂದೆ ನಡೆಯುವ ಕಾರ್ಯಕ್ರಮವಾದರೆ ಮೂರು–ನಾಲ್ಕು ದಿನ ಮೊದಲೇ ನಾಲ್ಕು ಸಾಲಿನ ಸೂಚನೆ ಕಳುಹಿಸಬೇಕು. ದಿನಪತ್ರಿಕೆಗಳಲ್ಲಿ ಅಂದಂದಿನ ನಗರದ ಕಾರ್ಯಕ್ರಮಗಳ ಅಂಕಣ ಇರುತ್ತದೆ. ಸಣ್ಣ ಸಂಘಗಳಿಗೆ ಜನರನ್ನು ಕರೆತರುವುದು ಹೆಚ್ಚಾಗಿ ಅದೇ. ಸ್ಥಳದ ವಿಳಾಸದಲ್ಲಿ ಬ್ಲಾಕ್, ಅಡ್ಡರಸ್ತೆ, ಮುಖ್ಯರಸ್ತೆ ಮೂರೂ ಇರಬೇಕು. ಜಯನಗರದಲ್ಲಿ 4ನೇ ಬ್ಲಾಕ್ ಬೇರೆ, 4ನೇ ‘ಟಿ’ ಬ್ಲಾಕ್ ಬೇರೆ. ಒಂದು ಅಕ್ಷರ ಬಿಟ್ಟರೆ ಬರುವವರು ಬಿಸಿಲಲ್ಲಿ ಸುತ್ತಬೇಕಾಗುತ್ತದೆ.

ನಡೆದ ಕಾರ್ಯಕ್ರಮದ ವರದಿಯನ್ನು ಅದೇ ದಿನ ಮಧ್ಯಾಹ್ನದೊಳಗೆ ಕಳುಹಿಸುವುದು ಕ್ಷೇಮ. ಸಂಜೆಯಾದಂತೆ ಪುಟಗಳು ತುಂಬುತ್ತ ಹೋಗುತ್ತವೆ. ಮರುದಿನ ಕಳುಹಿಸಿದರೆ ಅದು ಹಳೆಯ ಸುದ್ದಿ. ಅರ್ಧ ಪ್ರಕಟಣೆಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡು, ಅಂಕಿ ಮತ್ತು ಅತಿಥಿಗಳ ಮಾತನ್ನು ಮಾತ್ರ ಅಂದು ತುಂಬಿಸಿದರೆ ಕೆಲಸ ಹಗುರ.

ದಕ್ಷಿಣ ಬೆಂಗಳೂರಿನ ಸಂಘವೊಂದು ಈ ಕೆಳಗಿನವರ ಪಟ್ಟಿಯನ್ನು ಇಟ್ಟುಕೊಳ್ಳಬಹುದು:

• ಕನ್ನಡ ಮತ್ತು ಇಂಗ್ಲಿಷ್ ದಿನಪತ್ರಿಕೆಗಳ ನಗರ ವರದಿ ವಿಭಾಗ.
• ಹಿಂದಿ ದಿನಪತ್ರಿಕೆಗಳು. ರಾಜಸ್ಥಾನ ಪತ್ರಿಕಾ ಮತ್ತು ದಕ್ಷಿಣ ಭಾರತ ರಾಷ್ಟ್ರಮತ ಬೆಂಗಳೂರಿನಿಂದ ಪ್ರಕಟವಾಗುತ್ತವೆ. ರಾಜಸ್ಥಾನ ಮೂಲದ ಕುಟುಂಬಗಳಲ್ಲಿ ಇವುಗಳ ಓದುಗರು ಹೆಚ್ಚು. ಇವುಗಳಿಗೆ ಹಿಂದಿಯಲ್ಲಿಯೇ ಬರೆದು ಕಳುಹಿಸಬೇಕು.
• ಪಿ.ಟಿ.ಐ., ಯು.ಎನ್.ಐ. ಸುದ್ದಿಸಂಸ್ಥೆಗಳು. ರಾಜ್ಯ ಅಥವಾ ದೇಶ ಮಟ್ಟದ ವಿಷಯವಿದ್ದರೆ ಮಾತ್ರ.
• ಬೆಂಗಳೂರು ಆಕಾಶವಾಣಿ ಮತ್ತು ದೂರದರ್ಶನ ಚಂದನ.
• ರೇಡಿಯೊ ಆ್ಯಕ್ಟಿವ್ 90.4. ಜೈನ್ ವಿಶ್ವವಿದ್ಯಾಲಯ ಜಯನಗರದಿಂದ ನಡೆಸುವ ಈ ಸಮುದಾಯ ಬಾನುಲಿ 2007ರಲ್ಲಿ ಆರಂಭವಾಯಿತು. ಬೆಂಗಳೂರಿನ ಮೊದಲ ಸಮುದಾಯ ಬಾನುಲಿ ಇದು. ಆರೋಗ್ಯ, ಪರಿಸರ, ವಿಕಲಚೇತನರ ವಿಷಯಗಳಿದ್ದರೆ ಇಲ್ಲಿ ವಿಚಾರಿಸಬಹುದು.
• ಬಡಾವಣೆಯ ವಾರಪತ್ರಿಕೆಗಳು, ನಗರದ ಸುದ್ದಿ ಜಾಲತಾಣಗಳು ಮತ್ತು ಸಮಾಜದ ಮಾಸಪತ್ರಿಕೆಗಳು.

ಈ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಪರಿಷ್ಕರಿಸಬೇಕು. ವರದಿಗಾರರು ಪತ್ರಿಕೆ ಬದಲಿಸುತ್ತಿರುತ್ತಾರೆ. ಕಾರ್ಯದರ್ಶಿ ಬದಲಾದಾಗ ಲೆಕ್ಕಪುಸ್ತಕದ ಜತೆಗೆ ಈ ಪಟ್ಟಿಯನ್ನೂ ಹಸ್ತಾಂತರಿಸಬೇಕು.

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ವಾರ್ತಾ ಸೌಧ ಇರುವುದು ಭಗವಾನ್ ಮಹಾವೀರ ರಸ್ತೆಯಲ್ಲಿ, ಹಿಂದಿನ ಇನ್‌ಫೆಂಟ್ರಿ ರಸ್ತೆ. ಅದು ಸರ್ಕಾರದ ಸುದ್ದಿ ಕೊಡುವ ಇಲಾಖೆ. ಖಾಸಗಿ ಸಂಘಗಳ ಪ್ರಕಟಣೆ ಹಂಚುವುದು ಅದರ ಕೆಲಸವಲ್ಲ. ಕಬ್ಬನ್ ಉದ್ಯಾನದ ಪ್ರೆಸ್ ಕ್ಲಬ್‌ನಲ್ಲಿ ಶುಲ್ಕ ಕಟ್ಟಿ ಪತ್ರಿಕಾಗೋಷ್ಠಿ ನಡೆಸಬಹುದು. ಆದರೆ ಪತ್ರಕರ್ತರು ಪ್ರಶ್ನೆ ಕೇಳಲೇಬೇಕಾದ ವಿಷಯ ಇದ್ದಾಗ ಮಾತ್ರ ಅದು ಸಾರ್ಥಕ. ರಕ್ತದಾನ ಶಿಬಿರಕ್ಕೆ ಗೋಷ್ಠಿ ಬೇಡ, ಇ–ಮೇಲ್ ಸಾಕು.

ಹಣ ಕೊಟ್ಟು ಹರಡುವುದು

ನೂರಾರು ಜಾಲತಾಣಗಳಲ್ಲಿ ಪ್ರಕಟಣೆ ಹಾಕಿಸಿಕೊಡುತ್ತೇವೆ ಎಂದು ಪ್ಯಾಕೇಜ್ ಮಾರುವವರು ಇಂದು ಬಹಳ. ಇದು ಹೊಸದೇನಲ್ಲ. ಅಮೆರಿಕದಲ್ಲಿ ಪಿ.ಆರ್. ನ್ಯೂಸ್‌ವೈರ್ 1954ರಲ್ಲಿ, ಬಿಸಿನೆಸ್ ವೈರ್ 1961ರಲ್ಲಿ ಪ್ರಕಟಣೆ ಹಂಚುವ ಸೇವೆ ಆರಂಭಿಸಿದವು. ಷೇರು ಮಾರುಕಟ್ಟೆಯ ಕಂಪನಿಗಳಿಗೆ ಅದರ ಅಗತ್ಯ ಇದೆ. ಬಡಾವಣೆಯ ಸಂಘಕ್ಕೆ ಅಷ್ಟಿಲ್ಲ. ಆ ನೂರಾರು ತಾಣಗಳಲ್ಲಿ ಹೆಚ್ಚಿನವು ಅದೇ ಪಠ್ಯವನ್ನು ಯಾರೂ ನೋಡದ ಒಳಪುಟದಲ್ಲಿ ಇಡುತ್ತವೆ. ಲಿಂಕ್ ತುಂಬಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಎಂಬ ಮಾತನ್ನೂ ನಂಬಬಾರದು. ಹುಡುಕಾಟದಲ್ಲಿ ಮೇಲೇರಲೆಂದೇ ಪ್ರಕಟಣೆಗಳಲ್ಲಿ ತುರುಕಿದ ಲಿಂಕ್‌ಗಳನ್ನು ಗೂಗಲ್ 2013ರಲ್ಲಿಯೇ ನಿಯಮಬಾಹಿರ ಪಟ್ಟಿಗೆ ಸೇರಿಸಿದೆ. ಪ್ಯಾಕೇಜ್ ಕೊಳ್ಳುವ ಮೊದಲು, ಹಿಂದಿನ ಗ್ರಾಹಕರ ಪ್ರಕಟಣೆ ಎಲ್ಲೆಲ್ಲಿ ಬಂದಿದೆ ಎಂದು ನಾಲ್ಕು ಲಿಂಕ್ ಕೇಳಿ ನೋಡಬೇಕು. ಸ್ಯಾಂಪಲ್ ನೋಡದೆ ಯಾವ ವ್ಯಾಪಾರಿಯೂ ಸರಕು ಎತ್ತುವುದಿಲ್ಲ.

ಹಣ ಪಡೆದು ಸುದ್ದಿಯ ವೇಷದಲ್ಲಿ ಜಾಹೀರಾತು ಹಾಕುವುದನ್ನು ‘ಕಾಸಿಗಾಗಿ ಸುದ್ದಿ’ ಎನ್ನುತ್ತಾರೆ. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಈ ಬಗ್ಗೆ ವರದಿಯನ್ನೇ ನೀಡಿತು. ವರದಿಗಾರರಿಗೆ ಕವರ್ ಕೊಡುವ ಅಭ್ಯಾಸಕ್ಕೆ ಸಂಘಗಳು ಕೈ ಹಾಕಬಾರದು. ಬಂದವರಿಗೆ ಕಾಫಿ, ತಿಂಡಿ ಮತ್ತು ಕುಳಿತು ಬರೆಯಲು ಒಂದು ಕುರ್ಚಿ ಕೊಟ್ಟರೆ ಸಾಕು. ಹಣ ಖರ್ಚು ಮಾಡಲೇಬೇಕಿದ್ದರೆ ಬಿಲ್ ಪಡೆದು ಜಾಹೀರಾತು ಎಂದೇ ಹಾಕಿಸಬೇಕು. ದಾನಿಗಳ ಹಣಕ್ಕೆ ಲೆಕ್ಕ ತೋರಿಸಬೇಕಾದ್ದು ಪದಾಧಿಕಾರಿಗಳ ಕರ್ತವ್ಯ.

ಮೊಬೈಲ್‌ನಲ್ಲಿ ಹರಡುವುದು

ಪ್ರಕಟಣೆಯನ್ನು ಮೊದಲು ಸಂಘದ ಜಾಲತಾಣದಲ್ಲಿ ಅಥವಾ ಫೇಸ್‌ಬುಕ್ ಪುಟದಲ್ಲಿ ಪೂರ್ಣವಾಗಿ ಹಾಕಿ, ಅದರ ಲಿಂಕನ್ನು ಹಂಚಬೇಕು. ಪೋಸ್ಟರ್ ಮಾತ್ರ ಹಾಕಿದರೆ ಮುಂದೆ ಹುಡುಕುವವರಿಗೆ ಅದು ಸಿಗುವುದು ಕಷ್ಟ. ಶೀರ್ಷಿಕೆಯಲ್ಲಿ ಬಡಾವಣೆ, ವಿಷಯ ಮತ್ತು ಇಸವಿ ಇರಲಿ: ‘ಜಯನಗರ: ಉಚಿತ ನೇತ್ರ ಶಿಬಿರ’ ಎಂದು ಹುಡುಕುವವರಿಗೆ ‘ಒಂದು ಅವಿಸ್ಮರಣೀಯ ಭಾನುವಾರ’ ಎಂಬ ಶೀರ್ಷಿಕೆ ಸಿಗುವುದಿಲ್ಲ. ‘ನಾಳೆ’ ಎಂದು ಬರೆಯದೆ ದಿನಾಂಕ ಬರೆಯಬೇಕು. ಫಾರ್ವರ್ಡ್ ಆದ ಸಂದೇಶ ಮುಂದಿನ ವರ್ಷವೂ ತಿರುಗುತ್ತಿರುತ್ತದೆ.

ವಾಟ್ಸ್‌ಆ್ಯಪ್ ಭಾರತದಲ್ಲಿ 2018ರಿಂದ ಫಾರ್ವರ್ಡ್ ಅನ್ನು ಒಮ್ಮೆಗೆ ಐದು ಕಡೆಗೆ ಸೀಮಿತಗೊಳಿಸಿದೆ. ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ಕಳುಹಿಸುವವರ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಒಬ್ಬರೇ ಎಲ್ಲರಿಗೂ ಕಳುಹಿಸುವ ಬದಲು, ಬಡಾವಣೆಗೊಬ್ಬರಂತೆ ಹತ್ತು ಕಾರ್ಯಕರ್ತರು ತಮ್ಮ ತಮ್ಮ ನಿವಾಸಿಗಳ ಸಂಘ, ಶಾಲೆ, ವ್ಯಾಪಾರಿಗಳ ಗುಂಪುಗಳಿಗೆ ಒಂದು ಸಾಲಿನ ಸ್ವಂತ ಮಾತಿನೊಡನೆ ಕಳುಹಿಸಿದರೆ ಹೆಚ್ಚು ಜನ ಓದುತ್ತಾರೆ. ಪರಿಚಿತರು ಕಳುಹಿಸಿದ್ದನ್ನು ತೆರೆದು ನೋಡುವುದು ಸಹಜ.

ತಪ್ಪಾಗಿ ಅಚ್ಚಾದರೆ

ಹೆಸರು, ಅಂಕಿ ಅಥವಾ ಆಚರಣೆಯ ವಿವರ ತಪ್ಪಾಗಿ ಬಂದರೆ ಗುಂಪುಗಳಲ್ಲಿ ಕೋಪ ತೋರಿಸುವುದರಿಂದ ಪ್ರಯೋಜನವಿಲ್ಲ. ಅದೇ ದಿನ ಸಂಪಾದಕರಿಗೆ ಪುಟ, ದಿನಾಂಕ, ತಪ್ಪು ಮತ್ತು ಸರಿಯಾದ ಮಾಹಿತಿಯನ್ನು ಐದು ಸಾಲಿನಲ್ಲಿ ಬರೆಯಬೇಕು. ವಿಷಯ ಗಂಭೀರವಾಗಿದ್ದು, ಸಂಪಾದಕರು ಸ್ಪಂದಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯ ವಿಷಯವಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು, ಮೊದಲು ಸಂಪಾದಕರಿಗೆ ಬರೆದ ಪತ್ರದ ಪ್ರತಿಯೂ ಇರಬೇಕು.

ಅಚ್ಚಾಗದಿದ್ದರೆ ‘ಏಕೆ ಹಾಕಲಿಲ್ಲ’ ಎಂದು ಕೇಳಬಾರದು. ಅಚ್ಚಾದರೆ ಒಂದು ಸಾಲಿನ ಧನ್ಯವಾದ ತಿಳಿಸಬೇಕು. ತುಣುಕನ್ನು ದಿನಾಂಕದೊಡನೆ ಕಡತದಲ್ಲಿ ಅಂಟಿಸಿಡಬೇಕು. ಮುಂದೆ ಸಂಘದ ಇತಿಹಾಸ ಬರೆಯುವವರಿಗೆ ಅದೇ ಆಧಾರ.

ಹತ್ತು ಪ್ರಕಟಣೆ ಕಳುಹಿಸಿದರೆ ಎರಡೋ ಮೂರೋ ಅಚ್ಚಾಗಬಹುದು. ಆ ಎರಡು–ಮೂರನ್ನು ಓದಿ ಶಿಬಿರಕ್ಕೆ ಬಂದ ಒಬ್ಬ ಅಪರಿಚಿತ ವೃದ್ಧರಿಗೆ ಮತ್ತೆ ಕಣ್ಣು ಕಾಣುವಂತಾದರೆ ಪ್ರಕಟಣೆಯ ಉದ್ದೇಶ ಈಡೇರಿದಂತೆ. ಸಂಘದ ಹೆಸರು ಬರುವುದು ಅದರ ನಂತರದ ಮಾತು.